ಮಳೆ ಬಿಟ್ಟ ಮೇಲೆ ಜೇನುಪೆಟ್ಟಿಗೆಯ ಮೊದಲ ತಪಾಸಣೆ



ನವರಾತ್ರಿ ಕಳೆದು ದೀಪಾವಳಿ ಹತ್ತಿರ ಬರುವ ಈ ದಿನಗಳಲ್ಲಿ ಚಿಕಿತ್ಸೆಗೆಂದು ನಿಮ್ಮ ಹಟ್ಟಿಗೆ ಬಂದರೆ, ಹಸುವಿನ ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಇನ್ನೊಂದು ಮಾತು ಬರುವುದು ರೂಢಿಯಾಗಿದೆ. "ಡಾಕ್ಟ್ರೇ, ಜೇನುಪೆಟ್ಟಿಗೆಯನ್ನೂ ಒಮ್ಮೆ ನೋಡ್ತೀರಾ? ಮಳೆಗಾಲದಲ್ಲಿ ನೊಣ ಕಡಿಮೆ ಆದ ಹಾಗೆ ಕಾಣ್ತದೆ." ನಮ್ಮ ಕರಾವಳಿ, ಮಲೆನಾಡಿನ ಮಹಿಳಾ ಸಂಘಗಳ ಸದಸ್ಯೆಯರಲ್ಲಿ ಅನೇಕರ ಹಿತ್ತಲಲ್ಲಿ ಈಗ ಒಂದೆರಡು ತುಡುವೆ ಪೆಟ್ಟಿಗೆಗಳಿವೆ. ಹೆಚ್ಚಿನವರು ಮಳೆ ಶುರುವಾಗುವ ಮೊದಲು ಮುಚ್ಚಳ ಮುಚ್ಚಿದವರು ಮತ್ತೆ ತೆರೆಯುವುದು ಜೇನು ತೆಗೆಯುವ ಕಾಲಕ್ಕೆ. ಅಷ್ಟರಲ್ಲಿ ಪೆಟ್ಟಿಗೆ ಖಾಲಿಯಾಗಿದ್ದರೆ "ಹಾರಿ ಹೋಯ್ತು" ಎಂದು ಸುಮ್ಮನಾಗುತ್ತಾರೆ. ಅದು ಹಾರಿ ಹೋಗುವುದಕ್ಕೆ ಕಾರಣ ಬಹಳ ಸಲ ಈ ತಿಂಗಳಲ್ಲೇ ಪೆಟ್ಟಿಗೆಯೊಳಗೆ ಕಾಣಿಸುವಂತಿರುತ್ತದೆ. ಅದನ್ನು ಹೇಗೆ ನೋಡಬೇಕು ಎಂಬುದೇ ಈ ಸಂಚಿಕೆಯ ಪಾಠ.

ಈಗಲೇ ಯಾಕೆ?

ಒಂದು ಸಣ್ಣ ಲೆಕ್ಕ ಹಾಕೋಣ. ರಾಣಿ ಇಂದು ಇಟ್ಟ ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು 19–20 ದಿನ ಬೇಕು. ಹೊರಬಂದ ನೊಣ ತಕ್ಷಣ ಹೂವಿಗೆ ಹೋಗುವುದಿಲ್ಲ. ಎರಡು–ಮೂರು ವಾರ ಗೂಡಿನೊಳಗೇ ಕಣ ಗುಡಿಸುವುದು, ಮರಿಗೆ ಉಣಿಸುವುದು, ಮೇಣ ಕಟ್ಟುವುದು, ಬಾಗಿಲು ಕಾಯುವುದು ಮಾಡುತ್ತದೆ. ಆಮೇಲೆ ಮಕರಂದಕ್ಕೆ ಹೊರಡುತ್ತದೆ. ಅಂದರೆ ಇಂದಿನ ಮೊಟ್ಟೆ ದುಡಿಯುವ ನೊಣವಾಗಲು ಸುಮಾರು 40 ದಿನ.

ನಮ್ಮ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಜೇನಿನ ದೊಡ್ಡ ಸುಗ್ಗಿ ರಬ್ಬರ್ ತೋಟದ್ದು. ರಬ್ಬರ್ ಮರ ಎಲೆ ಉದುರಿಸಿ ಚಿಗುರುವಾಗ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ, ಎಲೆಯ ತೊಟ್ಟಿನ ತುದಿಯಲ್ಲಿ ಮಕರಂದ ಸುರಿಯುತ್ತದೆ. ಆ ಹೊತ್ತಿಗೆ ಪೆಟ್ಟಿಗೆ ತುಂಬಾ ದುಡಿಯುವ ನೊಣ ಬೇಕೆಂದರೆ ಮೊಟ್ಟೆ ನವೆಂಬರಿನಲ್ಲೇ ಬೀಳಬೇಕು. ನವೆಂಬರಿನಲ್ಲಿ ರಾಣಿ ಮೊಟ್ಟೆ ಇಡಬೇಕೆಂದರೆ ಅಕ್ಟೋಬರ್ ಕೊನೆಗೆ ಗೂಡು ಸ್ವಚ್ಛವಾಗಿ, ಒಳಗೆ ಆಹಾರ ಇರಬೇಕು. ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ಚೆನ್ನಾಗಿ ಮೇಯಿಸಿದರೆ ತಾನೇ ಕರು ಹಾಕಿದ ಮೇಲೆ ಹಾಲು? ಇದೂ ಅದೇ ಲೆಕ್ಕ. ಜನವರಿಯಲ್ಲಿ ಸಕ್ಕರೆ ಪಾಕ ಕೊಟ್ಟು ನೊಣ ಹೆಚ್ಚಿಸುತ್ತೇನೆ ಎಂದರೆ, ಆ ನೊಣ ದುಡಿಯಲು ಹೊರಡುವ ಹೊತ್ತಿಗೆ ರಬ್ಬರ್ ಚಿಗುರು ಬಲಿತಿರುತ್ತದೆ.

ತೆರೆಯುವ ಮೊದಲು

ಬಿಸಿಲಿರುವ, ಗಾಳಿ ಜೋರಿಲ್ಲದ ದಿನ ನೋಡಿ. ಬೆಳಗ್ಗಿನ ಹಾಲು ಡೇರಿಗೆ ಕೊಟ್ಟು ಬಂದ ಮೇಲೆ ಒಂಬತ್ತರಿಂದ ಹನ್ನೊಂದರ ನಡುವಿನ ಹೊತ್ತು ಒಳ್ಳೆಯದು. ಆಗ ಬಹಳಷ್ಟು ನೊಣ ಹೊರಗೆ ದುಡಿಯಲು ಹೋಗಿರುತ್ತವೆ. ಮೋಡ ಕವಿದ ದಿನ, ಮಳೆ ಹನಿಯುವಾಗ, ಕತ್ತಲಾದ ಮೇಲೆ ಮುಟ್ಟಬೇಡಿ.

ಹತ್ತಿರ ದನ, ಕರು ಕಟ್ಟಿದ್ದರೆ ಮೊದಲು ಅವನ್ನು ದೂರ ಕಟ್ಟಿ. ಈ ಮಾತನ್ನು ಒತ್ತಿ ಹೇಳುತ್ತೇನೆ, ಮುಂದೆ ಇದೇ ವಿಷಯಕ್ಕೆ ಬರುತ್ತೇನೆ. ತಲೆಗೆ ಬಟ್ಟೆ ಕಟ್ಟಿ ಮುಖಪರದೆ ಹಾಕಿಕೊಳ್ಳಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಮಲ್ಲಿಗೆ ಮುಡಿದು, ಘಮ್ಮೆನ್ನುವ ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಹಸು ಮುಟ್ಟಿದ ಬೆವರಿನ ಕೈಯನ್ನು ತೊಳೆದುಕೊಳ್ಳಿ. ಹೊಗೆಗೆ ಒಣಗಿದ ತೆಂಗಿನ ಸಿಪ್ಪೆಯ ನಾರು ಸಾಕು. ಸೀಮೆಎಣ್ಣೆ ಅದ್ದಿದ ಬಟ್ಟೆ ಖಂಡಿತ ಬೇಡ. ಹೊಗೆ ಬಾಗಿಲಲ್ಲಿ ಎರಡು ಸಲ, ಮುಚ್ಚಳ ಎತ್ತಿದಾಗ ಒಮ್ಮೆ, ಅಷ್ಟೇ. ತುಡುವೆ ಬಹಳ ಸೂಕ್ಷ್ಮ. ಹೊಗೆ ಜಾಸ್ತಿಯಾದರೆ ಎರಿ ಬಿಟ್ಟು ಮೂಲೆಗೆ ಓಡುತ್ತದೆ, ಆಮೇಲೆ ನಿಮಗೆ ಏನೂ ಕಾಣುವುದಿಲ್ಲ.

ನೊಣ ಚುಚ್ಚಿದರೆ ಮುಳ್ಳನ್ನು ಆ ಕ್ಷಣವೇ ಉಗುರಿನಿಂದ ಕೆರೆದು ತೆಗೆಯಿರಿ. ತಡವಾದಷ್ಟೂ ವಿಷ ಇಳಿಯುತ್ತಲೇ ಇರುತ್ತದೆ. ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ, ಅದು ಬೇರೆ ನೊಣಗಳಿಗೆ "ಇಲ್ಲಿ ಚುಚ್ಚಿ" ಎನ್ನುವ ಕರೆ. ಅಲ್ಲಿಗೆ ಸ್ವಲ್ಪ ಹೊಗೆ ಹಿಡಿಯಿರಿ. ತುಟಿ, ಮುಖ ಊದಿಕೊಂಡರೆ, ಮೈಯೆಲ್ಲಾ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ, ತಲೆ ತಿರುಗಿದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಮುಚ್ಚಳ ಎತ್ತುವ ಮೊದಲು ಐದು ನಿಮಿಷ ಪೆಟ್ಟಿಗೆಯ ಬದಿಯಲ್ಲಿ ನಿಂತು ಬಾಗಿಲು ನೋಡಿ. ಹಿಂಗಾಲಿಗೆ ಹಳದಿ ಉಂಡೆ, ಅಂದರೆ ಪರಾಗ, ಅಂಟಿಸಿಕೊಂಡು ನೊಣಗಳು ಒಳಗೆ ಹೋಗುತ್ತಿವೆಯೇ? ಪರಾಗ ಹೋಗುತ್ತಿದ್ದರೆ ಒಳಗೆ ಮರಿ ಇರುವ ಸಾಧ್ಯತೆ ಹೆಚ್ಚು. ಪರಾಗ ಮರಿಗಳ ಊಟ. ಈ ಸಮಯದಲ್ಲಿ ನಾಚಿಕೆಮುಳ್ಳು, ತೆಂಗು, ಅಡಿಕೆ, ಮೇವಿನ ಜೋಳದ ತೆನೆ ಎಲ್ಲದರಿಂದಲೂ ಪರಾಗ ಸಿಗುತ್ತದೆ. ಬಾಗಿಲ ಮುಂದೆ ಬಿಳಿ ಮರಿಹುಳುಗಳನ್ನು ಎಳೆದು ಹಾಕಿದ್ದರೆ, ಇರುವೆ ಸಾಲು ಏರುತ್ತಿದ್ದರೆ, ನೊಣಗಳು ಒಂದನ್ನೊಂದು ಹಿಡಿದು ಜಗಳವಾಡುತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು ಒಳಗೆ ನೋಡಿ.

ರಾಣಿಯನ್ನು ಹುಡುಕಬೇಡಿ, ಮೊಟ್ಟೆ ನೋಡಿ

ಪೆಟ್ಟಿಗೆ ತೆರೆದವರೆಲ್ಲ ಮೊದಲು ಹುಡುಕುವುದು ರಾಣಿಯನ್ನು. ಅದು ಸಿಗುವವರೆಗೆ ಎಲ್ಲ ಚೌಕಟ್ಟುಗಳನ್ನೂ ಎತ್ತಿ ಇಳಿಸಿ ಅರ್ಧ ಗಂಟೆ ಕಳೆಯುತ್ತಾರೆ. ಅಷ್ಟು ಹೊತ್ತು ತೆರೆದಿಟ್ಟರೆ ಮರಿಗೆ ಚಳಿ, ನೊಣಕ್ಕೆ ಸಿಟ್ಟು, ಕೊನೆಗೆ ಎರಡು ದಿನ ಬಿಟ್ಟು ಗೂಡೇ ಪರಾರಿ. ರಾಣಿ ಕಾಣಬೇಕಾಗಿಯೇ ಇಲ್ಲ. ಅವಳ ಕೆಲಸ ಕಂಡರೆ ಸಾಕು.

ಪಕ್ಕದಲ್ಲಿ ನಿಂತು ಅಂಚಿನ ಚೌಕಟ್ಟನ್ನು ಮೊದಲು ಮೆಲ್ಲನೆ ಎತ್ತಿ ಪಕ್ಕಕ್ಕಿಡಿ, ಒಳಗೆ ಜಾಗ ಆಗುತ್ತದೆ. ಆಮೇಲೆ ಮಧ್ಯದ ಒಂದು ಚೌಕಟ್ಟನ್ನು ನೇರವಾಗಿ ಮೇಲಕ್ಕೆತ್ತಿ, ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಿ. ರಾಣಿ ಜಾರಿ ಬಿದ್ದರೂ ಒಳಗೇ ಬೀಳಲಿ. ಚೌಕಟ್ಟನ್ನು ರೊಟ್ಟಿ ಮಗುಚಿದ ಹಾಗೆ ಅಡ್ಡಡ್ಡ ಮಗುಚಬೇಡಿ, ಹೊಸ ಎರಿ ಬಿಸಿಲಿಗೆ ಮೆತ್ತಗಾಗಿ ಮುರಿದು ಬೀಳುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದರೆ ಬೆಳಕು ಕಣದ ತಳಕ್ಕೆ ಇಳಿಯುತ್ತದೆ.

ಕಣ ಎಂದರೆ ಎರಿಯ ಒಂದೊಂದು ಗುಂಡಿ. ಆರೋಗ್ಯವಂತ ಗೂಡಿನಲ್ಲಿ ಮೂರು ಬಗೆ ಕಣ ಕಾಣುತ್ತದೆ. ಒಂದು, ತಳದಲ್ಲಿ ಅಕ್ಕಿಯ ಸಣ್ಣ ನುಚ್ಚನ್ನು ನಿಲ್ಲಿಸಿದಂಥ ಬಿಳಿ ಮೊಟ್ಟೆ. ಎರಡು, ಹಾಲಿನಂಥ ದ್ರವದಲ್ಲಿ ಅರ್ಧಚಂದ್ರದಂತೆ ಸುರುಳಿ ಮಲಗಿದ, ಮುತ್ತಿನಂತೆ ಹೊಳೆಯುವ ಮರಿಹುಳು. ಮೂರು, ತಿಳಿ ಕಂದು ಮುಚ್ಚಳ ಹಾಕಿದ ಕಣ.

ಮೊಟ್ಟೆ ಮೊದಲ ದಿನ ನೆಟ್ಟಗೆ ನಿಂತಿರುತ್ತದೆ, ಎರಡನೆಯ ದಿನ ವಾಲುತ್ತದೆ, ಮೂರನೆಯ ದಿನ ಮಲಗುತ್ತದೆ. ಆದ್ದರಿಂದ ಮೊಟ್ಟೆ ಕಂಡರೆ ಕಳೆದ ಮೂರು ದಿನದೊಳಗೆ ರಾಣಿ ಇಲ್ಲೇ ಓಡಾಡಿದ್ದಾಳೆ ಎಂದು ಗೊತ್ತಾಯಿತು. ಮರಿಹುಳು ಸುಮಾರು ಐದು ದಿನ ತೆರೆದ ಕಣದಲ್ಲಿ ಬೆಳೆದು ಆಮೇಲೆ ಮುಚ್ಚಲ್ಪಡುತ್ತದೆ. ಮೊಟ್ಟೆ, ಮರಿಹುಳು ಎರಡೂ ಇಲ್ಲದೆ ಮುಚ್ಚಿದ ಕಣ ಮಾತ್ರ ಇದ್ದರೆ ರಾಣಿ ಒಂದು ವಾರಕ್ಕಿಂತ ಹೆಚ್ಚಿನಿಂದ ಮೊಟ್ಟೆ ಇಟ್ಟಿಲ್ಲ. ಒಂದೋ ರಾಣಿ ಇಲ್ಲ, ಅಥವಾ ಆಹಾರವಿಲ್ಲದೆ ನಿಲ್ಲಿಸಿದ್ದಾಳೆ. ಎರಿಯ ಮೇಲಂಚಿನಲ್ಲಿ ಜೇನು, ಮರಿಯ ಸುತ್ತ ಪರಾಗ ಇದೆಯೇ ನೋಡಿ. ಎರಡೂ ಖಾಲಿ ಇದ್ದರೆ ಹಸಿವೆಂದು ತಿಳಿದು ಪಾಕ ಕೊಟ್ಟು, ಒಂದು ವಾರ ಬಿಟ್ಟು ಮತ್ತೆ ಮೊಟ್ಟೆ ಹುಡುಕಿ.

ಒಂದೇ ಕಣದಲ್ಲಿ ಎರಡು, ಮೂರು, ನಾಲ್ಕು ಮೊಟ್ಟೆ, ಅದೂ ಕಣದ ಗೋಡೆಗೆ ಅಂಟಿದಂತೆ ಇದ್ದರೆ ಸಂತೋಷಪಡಬೇಡಿ. ರಾಣಿ ಸತ್ತು ಬಹಳ ದಿನವಾಗಿ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಆ ಮೊಟ್ಟೆಗಳಿಂದ ಗಂಡುನೊಣ ಮಾತ್ರ ಹುಟ್ಟುತ್ತದೆ. ಗಂಡುನೊಣ ದುಡಿಯುವುದಿಲ್ಲ, ಹಾಗಾಗಿ ಗೂಡು ತಾನಾಗಿ ಮುಗಿಯುತ್ತದೆ. ಇಂಥ ಗೂಡಿನಲ್ಲಿ ರೋಗದ ಗುರುತಿಲ್ಲ ಎಂದು ಖಚಿತವಾದರೆ ಮಾತ್ರ ಅನುಭವಿಗಳನ್ನು ಕರೆದು ರಾಣಿ ಇರುವ ಬಲವಾದ ಗೂಡಿಗೆ ಸೇರಿಸುವುದು ಮೇಲು.

ಎರಿಯಲ್ಲಿ ಕಡಲೆಕಾಯಿಯಂತೆ ಕೆಳಮುಖ ಇಳಿಬಿದ್ದ ಉದ್ದನೆಯ ಕಣ ಕಂಡರೆ ಅದು ರಾಣಿ ಕಣ. ಎರಿಯ ಕೆಳ ಅಂಚಿನಲ್ಲಿ ಸಾಲಾಗಿ ಇದ್ದರೆ ಗೂಡು ಪಾಲಾಗುವ ತಯಾರಿ. ಎರಿಯ ನಡುಭಾಗದಲ್ಲಿ ಒಂದೆರಡು ಇದ್ದರೆ, ರಾಣಿ ಸತ್ತು ತುರ್ತಾಗಿ ಇನ್ನೊಬ್ಬಳನ್ನು ಬೆಳೆಸುತ್ತಿವೆ. ಹಾಗಿದ್ದಾಗ ಅದನ್ನು ಕಿತ್ತು ಹಾಕಬೇಡಿ, ಮುಚ್ಚಳ ಮುಚ್ಚಿ ಮೂರು ವಾರ ತೆರೆಯಬೇಡಿ. ಹೊಸ ರಾಣಿ ಹುಟ್ಟಿ, ಹೊರಗೆ ಹಾರಿ ಗಂಡುನೊಣಗಳೊಡನೆ ಕೂಡಿ ಬಂದು ಮೊಟ್ಟೆ ಇಡಲು ಅಷ್ಟು ಕಾಲ ಬೇಕು. ಆ ಹೊತ್ತಿಗೆ ಊರಿನಲ್ಲಿ ಗಂಡುನೊಣ ಇದ್ದರೆ ಮಾತ್ರ ಆ ರಾಣಿಯಿಂದ ಪ್ರಯೋಜನ. ಹಾಗಾಗಿ ಪೆಟ್ಟಿಗೆಯಲ್ಲಿ ಸ್ವಲ್ಪ ಗಂಡುನೊಣ ಕಂಡರೆ "ತಿಂದು ಮಲಗುವವು" ಎಂದು ಬೈದು ಕೊಲ್ಲಬೇಡಿ.

ಗಂಡುನೊಣದ ಕಣದ ಬಗ್ಗೆ ಒಂದು ಮಾತು. ತುಡುವೆಯಲ್ಲಿ ಅದರ ಮುಚ್ಚಳ ಗುಬ್ಬಿ ಎದ್ದಂತೆ ಇದ್ದು, ನಡುವೆ ಸೂಜಿ ಚುಚ್ಚಿದಂಥ ಸಣ್ಣ ತೂತು ಇರುತ್ತದೆ. ಆ ತೂತು ಹುಟ್ಟಿನಿಂದಲೇ ಇರುವಂಥದ್ದು, ರೋಗವಲ್ಲ. ಒಣಗಿ ಉದುರಿದ ಆ ಮುಚ್ಚಳಗಳು ಅಡಿಮಣೆಯ ಮೇಲೆ ಚಿಕ್ಕ ಬಿಲ್ಲೆಗಳಂತೆ ಬಿದ್ದಿರುತ್ತವೆ. ಅದನ್ನು ಕಂಡು ಗಾಬರಿಯಾಗಿ ಒಳ್ಳೆಯ ಎರಿಯನ್ನೇ ಕತ್ತರಿಸಿ ಎಸೆದ ಮನೆಗಳನ್ನು ನೋಡಿದ್ದೇನೆ.

ನಿಜವಾದ ಭಯ: ಥಾಯ್ ಸ್ಯಾಕ್‌ಬ್ರೂಡ್

ನಿಮ್ಮ ಅತ್ತೆ, ಅಮ್ಮಂದಿರಲ್ಲಿ ಹಿಂದೆ ಜೇನು ಸಾಕಿದವರಿದ್ದರೆ 1991–92ರ ಮಾತು ಕೇಳಿ. ಆ ಎರಡು ವರ್ಷದಲ್ಲಿ ದಕ್ಷಿಣ ಭಾರತದ ತುಡುವೆ ಗೂಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಕೊಡಗು, ದಕ್ಷಿಣ ಕನ್ನಡ, ಕೇರಳದ ಹಿತ್ತಲುಗಳಲ್ಲಿ ಪೆಟ್ಟಿಗೆಗಳು ಖಾಲಿ ಉಳಿದವು. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಿದ ವೈರಸ್ ಕಾಯಿಲೆ ಅದು. ಈಗ ಅಷ್ಟು ಭೀಕರವಾಗಿ ಬರುವುದಿಲ್ಲವಾದರೂ ಹೋಗಿಯೂ ಇಲ್ಲ. ಮಳೆಗಾಲದ ಹಸಿವಿನಿಂದ ಬಡವಾದ ಗೂಡಿನಲ್ಲಿ ಸುಲಭವಾಗಿ ತಲೆ ಎತ್ತುತ್ತದೆ.

ಇದು ದೊಡ್ಡ ನೊಣಕ್ಕೆ ಕಾಣುವ ರೋಗವಲ್ಲ, ಮರಿಯನ್ನು ಕೊಲ್ಲುವ ರೋಗ. ಮರಿ ಪೂರ್ತಿ ಬೆಳೆದು, ಇನ್ನೇನು ರೂಪ ಬದಲಿಸಬೇಕು ಎನ್ನುವಾಗ ಸಾಯುತ್ತದೆ. ಆದ್ದರಿಂದ ಸತ್ತ ಮರಿ ಸುರುಳಿಯಾಗಿ ಇರುವುದಿಲ್ಲ. ಕಣದ ಉದ್ದಕ್ಕೂ ಚಾಚಿ, ಬೆನ್ನ ಮೇಲೆ ಮಲಗಿ, ತಲೆ ಮಾತ್ರ ದೋಣಿಯ ಮೂತಿಯಂತೆ ಮೇಲೆದ್ದಿರುತ್ತದೆ. ಬಣ್ಣ ಬಿಳುಪಿನಿಂದ ಮಸುಕು ಹಳದಿಗೆ, ತಲೆಯ ಕಡೆಯಿಂದ ಕಂದಿಗೆ ತಿರುಗುತ್ತದೆ. ಪೊರಕೆ ಕಡ್ಡಿಯಿಂದ ಮೆಲ್ಲನೆ ಎಬ್ಬಿಸಿದರೆ ಒಡೆಯದೆ, ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ವಾಸನೆ ಇರುವುದಿಲ್ಲ. ಮುಚ್ಚಿದ ಕಣಗಳ ನಡುನಡುವೆ ಕೆಲವು ಮುಚ್ಚಳ ಹರಿದು, ವಕ್ರವಾಗಿ ತೂತಾಗಿರುತ್ತವೆ.

ಸತ್ತ ಮರಿ ಇನ್ನೂ ಚಿಕ್ಕದಾಗಿ, ತೆರೆದ ಕಣದಲ್ಲಿ ತಿರುಚಿಕೊಂಡು, ಹಳದಿಯಾಗಿ ಹುಳಿ ವಾಸನೆ ಹೊಡೆಯುತ್ತಿದ್ದರೆ ಅದು ಬೇರೆ, ಬ್ಯಾಕ್ಟೀರಿಯಾದಿಂದ ಬರುವ ಕೊಳೆರೋಗ ಇರಬಹುದು. ಸಂಶಯವಿದ್ದರೆ ಸತ್ತ ಮರಿ ಇರುವ ಎರಿಯ ಹತ್ತಿರದ ಫೋಟೋ ತೆಗೆದು ತೋಟಗಾರಿಕೆ ಇಲಾಖೆಯವರಿಗೋ ಅನುಭವಿ ಜೇನು ಸಾಕುವವರಿಗೋ ತೋರಿಸಿ. ಪೆಟ್ಟಿಗೆಯನ್ನೇ ಹೊತ್ತುಕೊಂಡು ಇನ್ನೊಬ್ಬರ ಮನೆಗೆ ಹೋಗಬೇಡಿ.

ನಮ್ಮ ಒಂದು ಸಂಘದ ಸದಸ್ಯೆಯ ಮನೆಯಲ್ಲಿ ನಾಲ್ಕು ಪೆಟ್ಟಿಗೆ ಇದ್ದವು. ಒಂದರಲ್ಲಿ ನೊಣ ತೀರಾ ಕಡಿಮೆ, ಮರಿ ಮಾತ್ರ ಇದೆ ಎಂದು ಕಂಡು, ಅವರು ಆ ಮರಿಯ ಚೌಕಟ್ಟನ್ನು ಬಲವಾದ ಪೆಟ್ಟಿಗೆಗೆ ಕೊಟ್ಟರು. ತಾಯಿ ಸತ್ತ ಕರುವನ್ನು ಇನ್ನೊಂದು ಹಸುವಿಗೆ ಬಿಟ್ಟ ಹಾಗೆ, ಅಲ್ಲಿಯಾದರೂ ಬೆಚ್ಚಗೆ ಬೆಳೆಯಲಿ ಎಂಬ ಕರುಣೆ. ಆ ಮರಿಗಳಲ್ಲಿ ರೋಗವಿತ್ತು. ಡಿಸೆಂಬರಿಗೆ ಎರಡು ಪೆಟ್ಟಿಗೆ ಖಾಲಿ, ಅದರಲ್ಲಿ ಒಂದು ಮನೆಯ ಅತಿ ಬಲವಾದ ಗೂಡು. ಮಗಳ ಹಾಸ್ಟೆಲ್ ಶುಲ್ಕಕ್ಕೆ ಎಂದು ಅವರು ಲೆಕ್ಕ ಹಾಕಿದ್ದು ಅದೇ ಪೆಟ್ಟಿಗೆಯ ಜೇನನ್ನು. ಹೀಗಾಗಿ ಮೊದಲ ತಪಾಸಣೆಯಲ್ಲಿ ಮರಿ ಸತ್ತ ಗುರುತು ಇಲ್ಲ ಎಂದು ಖಚಿತವಾಗುವ ಮುನ್ನ ಒಂದು ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಕೊಡಲೇಬೇಡಿ. ಸಂಶಯದ ಪೆಟ್ಟಿಗೆಯನ್ನು ಕೊನೆಗೆ ನೋಡಿ. ನೋಡಿದ ಮೇಲೆ ಕೈ, ಚಾಕು, ಹಿಡಿದ ಬಟ್ಟೆ ಎಲ್ಲವನ್ನೂ ಸೋಪಿನಲ್ಲಿ ತೊಳೆಯಿರಿ. ಬಾವಾದ ಕೆಚ್ಚಲನ್ನು ಕೊನೆಗೆ ಕರೆಯಿರಿ ಎಂದು ನಾವು ಹೇಳುವುದಿಲ್ಲವೇ, ಹಾಗೆಯೇ.

ವೈರಸ್ಸಿಗೆ ಮದ್ದಿಲ್ಲ. ಹಾಗೆಂದು ಎಲ್ಲವೂ ಮುಗಿಯಿತು ಎಂದಲ್ಲ. ಸತ್ತ ಮರಿ ಹೆಚ್ಚಿರುವ ಎರಿಯನ್ನು ಕತ್ತರಿಸಿ ಸುಟ್ಟುಬಿಡಿ. ನೊಣ ಮುಚ್ಚುವಷ್ಟು ಎರಿ ಮಾತ್ರ ಉಳಿಸಿ, ಪಾಕ ಕೊಡಿ. ಅನುಭವಿಗಳು ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸುತ್ತಾರೆ. ಹೊಸ ಮರಿ ಇಲ್ಲದಾಗ ವೈರಸ್ಸಿಗೆ ಆಸರೆ ತಪ್ಪುತ್ತದೆ, ನೊಣಗಳು ಕಣ ಗುಡಿಸಿಕೊಳ್ಳುತ್ತವೆ. 1992ರ ನಂತರ ನಮ್ಮ ಊರುಗಳಲ್ಲಿ ಮತ್ತೆ ತುಡುವೆ ಹೆಚ್ಚಿದ್ದು ಆ ಹೊಡೆತ ತಾಳಿ ಉಳಿದ ಗೂಡುಗಳಿಂದಲೇ. ಆದ್ದರಿಂದ ಅಕ್ಕಪಕ್ಕ ರೋಗ ಬಂದಾಗಲೂ ಗಟ್ಟಿಯಾಗಿ ನಿಂತ ಪೆಟ್ಟಿಗೆ ಯಾವುದು ಎಂದು ಗುರುತು ಹಾಕಿಡಿ, ಮುಂದೆ ಪಾಲು ಮಾಡುವಾಗ ಅದರಿಂದಲೇ ಮಾಡಿ.

ಹಸುವಿನ ಔಷಧಿ ಜೇನಿಗೆ ಬೇಡ

ಇದನ್ನು ಪಶುವೈದ್ಯರಲ್ಲದೆ ಬೇರೆಯವರು ನಿಮಗೆ ಹೇಳಲಾರರು, ಆದ್ದರಿಂದ ಪ್ರತ್ಯೇಕ ಬರೆಯುತ್ತಿದ್ದೇನೆ. ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿಟ್ಟ, ಹಸುವಿಗೆ ಕೊಟ್ಟು ಉಳಿದ ಆಕ್ಸಿಟೆಟ್ರಾಸೈಕ್ಲಿನ್ ಬಾಟಲಿಯನ್ನೋ ಮಾತ್ರೆಯನ್ನೋ ಸಕ್ಕರೆ ಪಾಕದಲ್ಲಿ ಕಲಸಿ ಇಡಬಹುದೇ ಎಂದು ಕೇಳುವವರಿದ್ದಾರೆ. ಕೇಳದೆ ಹಾಕುವವರೂ ಇದ್ದಾರೆ. ಸ್ಯಾಕ್‌ಬ್ರೂಡ್ ವೈರಸ್ಸಿನಿಂದ ಬರುವುದು, ಅದರ ಮೇಲೆ ಪ್ರತಿಜೀವಕ ಕೆಲಸ ಮಾಡುವುದೇ ಇಲ್ಲ. ಹಾಕಿದ ಔಷಧಿ ಮಾತ್ರ ಜೇನಿಗೆ ಸೇರುತ್ತದೆ.

ಹಸುವಿಗೆ ಇಂಜೆಕ್ಷನ್ ಕೊಟ್ಟಾಗ ಇಷ್ಟು ದಿನ ಹಾಲು ಕ್ಯಾನಿಗೆ ಸುರಿಯಬೇಡಿ ಎಂದು ಹೇಳುತ್ತೇವೆ. ಹಸು ದಿನವೂ ಹಾಲು ಕೊಡುವುದರಿಂದ ಔಷಧಿ ಕ್ರಮೇಣ ಹೊರಗೆ ಹೋಗುತ್ತದೆ. ಎರಿಯಲ್ಲಿಟ್ಟ ಜೇನು ಎಲ್ಲಿಗೂ ಹೋಗುವುದಿಲ್ಲ. ಅಕ್ಟೋಬರಿನಲ್ಲಿ ಪಾಕದ ಜೊತೆ ಶೇಖರವಾದದ್ದು ಫೆಬ್ರವರಿಯ ಬಾಟಲಿಯಲ್ಲಿ ಬರಬಹುದು. ಜೇನಿನಲ್ಲಿ ಪ್ರತಿಜೀವಕದ ಉಳಿಕೆಗೆ ಆಹಾರ ಸುರಕ್ಷತಾ ಕಾನೂನಿನಲ್ಲೂ ಮಿತಿ ಇದೆ. ಮನೆಯ ಮಗುವಿಗೆ ಕೆಮ್ಮಿಗೆಂದು ಕೊಡುವುದೂ ಅದೇ ಜೇನು. (ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ, ಅದು ಬೇರೆಯೇ ಕಾರಣಕ್ಕೆ ಅಪಾಯ.)

ಅಡಿಮಣೆ, ಹಳೆಯ ಎರಿ, ಇರುವೆ

ಮೇಣದ ಹುಳು ಮಳೆಗಾಲದ ನಂತರ ಮಾಮೂಲಿ. ಎರಿಯೊಳಗೆ ಬಿಳಿ ನೂಲಿನ ಸುರಂಗ, ಅಡಿಮಣೆಯಲ್ಲಿ ಕಪ್ಪು ಸಾಸಿವೆಯಂಥ ಹಿಕ್ಕೆ ಕಂಡರೆ ಅದೇ. ಅದು ಬಲವಾದ ಗೂಡಿಗೆ ಬರುವುದಿಲ್ಲ, ನೊಣ ಮುಚ್ಚಲಾಗದ ಖಾಲಿ ಎರಿಗೆ ಬರುತ್ತದೆ. ಅಡಿಮಣೆ ಕೆರೆದು ಬಿಸಿಲಿಗೆ ಹಾಕಿ. ಕಪ್ಪಾಗಿ ಗಟ್ಟಿಯಾದ, ನೊಣ ಇಲ್ಲದ ಎರಿಗಳನ್ನು ತೆಗೆದು ಕುದಿಸಿ ಮೇಣ ಮಾಡಿ. ಹಿತ್ತಲ ಮೂಲೆಗೆ ಎಸೆದರೆ ಹುಳು ಅಲ್ಲೇ ಬೆಳೆದು ಪತಂಗವಾಗಿ ಮತ್ತೆ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಯ ಬಿರುಕುಗಳಿಗೆ ಸಗಣಿ ಮಣ್ಣು ಮೆತ್ತಿದರೂ ಆದೀತು. ಕಾಲುಗಳ ಕೆಳಗಿನ ನೀರಿನ ಬಟ್ಟಲು ಒಣಗಿದೆಯೇ, ಅದಕ್ಕೆ ಬಿದ್ದ ಒಣಹುಲ್ಲು ಇರುವೆಗೆ ಸೇತುವೆಯಾಗಿದೆಯೇ ನೋಡಿ.

ಪಾಕ

ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕಾಯಿಸಿ ಪೂರ್ತಿ ಆರಿಸಿ. ಬೆಲ್ಲ ಬೇಡ, ಅದರಿಂದ ನೊಣಕ್ಕೆ ಹೊಟ್ಟೆ ಕೆಡುತ್ತದೆ. ಎಲ್ಲಿಂದಲೋ ತಂದ ಜೇನೂ ಬೇಡ, ಅದರ ಜೊತೆ ರೋಗ ಬರುತ್ತದೆ. ಸಂಜೆ, ನೊಣ ಎಲ್ಲಾ ಒಳಗೆ ಬಂದ ಮೇಲೆ, ಪೆಟ್ಟಿಗೆಯೊಳಗೇ ಚಿಕ್ಕ ಬಟ್ಟಲಲ್ಲಿ ಇಟ್ಟು ಮೇಲೆ ನಾಲ್ಕು ಕಡ್ಡಿ ಹಾಕಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಹೊರಗೆ ಒಂದು ಹನಿಯೂ ಚೆಲ್ಲಬಾರದು. ಚೆಲ್ಲಿದರೆ ಬಲವಾದ ಪೆಟ್ಟಿಗೆಯ ನೊಣಗಳು ಬಂದು ಬಡ ಪೆಟ್ಟಿಗೆಯನ್ನೇ ದೋಚುತ್ತವೆ. ಎಲ್ಲ ಪೆಟ್ಟಿಗೆಗೂ ಒಂದೇ ಸಂಜೆ ಕೊಡಿ. ಎರಿಯ ಮೇಲಂಚಿನಲ್ಲಿ ಮುಚ್ಚಿದ ಜೇನು ಧಾರಾಳ ಇರುವ ಗೂಡಿಗೆ ಪಾಕದ ಅಗತ್ಯವಿಲ್ಲ.

ಹಟ್ಟಿ ಮತ್ತು ಜೇನು

ಈಗ ದನದ ವಿಷಯ. ಕಟ್ಟಿದ ಹಸುವಿಗೆ ಓಡಿಹೋಗುವ ದಾರಿ ಇಲ್ಲ. ಜೇನು ಎದ್ದಾಗ ಮನುಷ್ಯ ಮನೆಯೊಳಗೆ ಓಡುತ್ತಾನೆ, ಹಗ್ಗದಲ್ಲಿರುವ ಕರು ಒದ್ದಾಡುತ್ತದೆ. ಒದ್ದಾಡಿದಷ್ಟೂ ನೊಣ ಮುತ್ತುತ್ತವೆ. ಪೆಟ್ಟಿಗೆ ಹಟ್ಟಿಯಿಂದ ಕನಿಷ್ಠ 40 ಅಡಿಯಾದರೂ ದೂರವಿರಲಿ, ಬಾಗಿಲು ಹಟ್ಟಿಯ ಕಡೆಗೂ ನೀವು ಹುಲ್ಲು ಹೊರುವ ದಾರಿಯ ಕಡೆಗೂ ಇರದಿರಲಿ ಎಂಬುದು ನನ್ನ ಸಲಹೆ. ನಡುವೆ ದಾಸವಾಳದ ಬೇಲಿ ಇದ್ದರೆ ನೊಣ ಅದರ ಮೇಲಿಂದ ಎತ್ತರಕ್ಕೆ ಹಾರುತ್ತದೆ. ದನ ಕಟ್ಟುವುದು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿರಲಿ. ತುಂಬಾ ನೊಣ ಚುಚ್ಚಿದ್ದರೆ ದನವನ್ನು ಕತ್ತಲೆಯ ಕೋಣೆಗೆ ಒಯ್ದು, ಒದ್ದೆ ಗೋಣಿ ಹೊದಿಸಿ, ಮುಖ, ಕಣ್ಣು, ಕೆಚ್ಚಲಿನ ಮುಳ್ಳು ಕೆರೆದು ತೆಗೆಯುತ್ತಾ ನಮಗೆ ಫೋನ್ ಮಾಡಿ. ಕಾಯಬೇಡಿ.

ಹಸುವಿನಿಂದ ಜೇನಿಗೆ ಆಗುವ ತೊಂದರೆಯನ್ನು ನಾವು ಮರೆತೇ ಬಿಡುತ್ತೇವೆ. ಮಳೆ ಬಿಟ್ಟೊಡನೆ ಉಣ್ಣಿ ಹೆಚ್ಚುತ್ತದೆ, ನೀವು ಔಷಧಿ ಸಿಂಪಡಿಸುತ್ತೀರಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಎರಡೂ ಜೇನುನೊಣಕ್ಕೆ ಕಡು ವಿಷ. ಜೇನು ನೀರಿಗಾಗಿ ಹಟ್ಟಿಯ ಚರಂಡಿಗೂ ಗಂಜಳದ ಗುಂಡಿಗೂ ಬರುತ್ತದೆ, ಉಪ್ಪಿನ ಆಸೆಗೆ. ಹೂವಿಲ್ಲದ ದಿನಗಳಲ್ಲಿ ಪರಾಗವೆಂದು ತಿಳಿದು ಹಿಂಡಿ, ಜೋಳದ ಹಿಟ್ಟಿನ ಧೂಳನ್ನೂ ಹೊರುತ್ತದೆ. ಬೆಳಗ್ಗೆ ಹಸುವಿಗೆ ಸಿಂಪಡಿಸಿ ಆ ನೀರು ಚರಂಡಿಗೆ ಹರಿದರೆ, ಮಧ್ಯಾಹ್ನಕ್ಕೆ ಪೆಟ್ಟಿಗೆಯ ಮುಂದೆ ನಾಲಿಗೆ ಚಾಚಿ ಸತ್ತ ನೊಣಗಳ ರಾಶಿ. ಸಿಂಪಡಣೆಯನ್ನು ಸಂಜೆ ನೊಣ ಗೂಡು ಸೇರಿದ ಮೇಲೆ ಮಾಡಿ, ಪೆಟ್ಟಿಗೆ ಇರುವ ಕಡೆಗೆ ಗಾಳಿ ಬೀಸುತ್ತಿದ್ದರೆ ಮುಂದೂಡಿ, ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಬೇಡಿ. ಪೆಟ್ಟಿಗೆಯ ಹತ್ತಿರ ಅಗಲ ಬಟ್ಟಲಲ್ಲಿ ಕಲ್ಲು ಹಾಕಿ ದಿನವೂ ಶುದ್ಧ ನೀರಿಟ್ಟರೆ ನೊಣ ಹಟ್ಟಿಗೆ ಬರುವುದು ಕಡಿಮೆಯಾಗುತ್ತದೆ.

ಮತ್ತೆ ಯಾವಾಗ ತೆರೆಯಬೇಕು?

ಎಲ್ಲ ಸರಿಯಿದ್ದರೆ ಹತ್ತು–ಹನ್ನೆರಡು ದಿನ ಬಿಟ್ಟು. ದಿನ ಬಿಟ್ಟು ದಿನ ಇಣುಕಿದರೆ ತುಡುವೆ ನಿಲ್ಲುವುದಿಲ್ಲ. ಹಾಲಿನ ಪಾಸ್‌ಬುಕ್ಕಿನ ಹಿಂದಿನ ಖಾಲಿ ಪುಟದಲ್ಲೋ ಮಕ್ಕಳ ಹಳೆಯ ಪುಸ್ತಕದಲ್ಲೋ ನಾಲ್ಕು ವಿಷಯ ಬರೆದಿಡಿ: ತಾರೀಕು, ಮೊಟ್ಟೆ ಇದೆ–ಇಲ್ಲ, ನೊಣ ಮುಚ್ಚಿದ ಎರಿ ಎಷ್ಟು, ಸತ್ತ ಮರಿ ಇದೆ–ಇಲ್ಲ. ಪೆಟ್ಟಿಗೆಗೆ ಸುಣ್ಣದಲ್ಲಿ ನಂಬರ್ ಹಾಕಿ. ಮೂರು ಎರಿ ಮುಚ್ಚುವ ನೊಣ ನವೆಂಬರ್ ಕೊನೆಗೆ ಐದಾಗಿದ್ದರೆ ಗೂಡು ಸರಿಯಾದ ದಾರಿಯಲ್ಲಿದೆ. ಮೂರರಲ್ಲೇ ನಿಂತಿದ್ದರೆ ಆ ಪೆಟ್ಟಿಗೆಯ ಮರಿಯನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿ.

ಸಂಸಾರ ಕೋಣೆಯ ಎಲ್ಲ ಎರಿಗಳಲ್ಲೂ ನೊಣ ತುಂಬಿ, ಮೇಲಂಚಿನಲ್ಲಿ ಹೊಸ ಬಿಳಿ ಮೇಣ ಕಾಣಿಸಿದಾಗ ಮೇಲಿನ ಜೇನು ಕೋಣೆಯನ್ನು ಇಡಿ. ಅದನ್ನು ಇಡುವ ಮೊದಲೇ ಪಾಕದ ಬಟ್ಟಲು ಹೊರಗೆ ಬರಬೇಕು. ಬಟ್ಟಲು ಒಳಗಿದ್ದರೆ ಮೇಲಿನ ಕೋಣೆ ತುಂಬುವುದು ನಿಮ್ಮದೇ ಅಂಗಡಿ ಸಕ್ಕರೆಯಿಂದ.